ವಾರಂಟಿ ಮುಗಿದ ಸ್ವಚ್ಛವಾಹಿನಿಗಳ ಬ್ರೇಕ್ ಪ್ಯಾಡ್ ಮತ್ತು ಡಿಸ್ಕ್ ಬದಲಾವಣೆ: ಸದಸ್ಯರು ತಿಳಿದಿರಬೇಕಾದ ವಿವರ

ಗ್ರಾಮ ಪಂಚಾಯತ್‌ಗಳ ಸಾಮಾನ್ಯ ಸಭೆಗೆ ಸ್ವಚ್ಛವಾಹಿನಿಯ ದುರಸ್ತಿ ವೆಚ್ಚ ಬರುವಾಗ ದರಪಟ್ಟಿಯಲ್ಲಿ ಸಾಮಾನ್ಯವಾಗಿ ಕಾಣುವುದು ಒಂದೇ ಸಾಲು: ‘ಬ್ರೇಕ್ ಪ್ಯಾಡ್, 1 ಸೆಟ್’. ಮೂರು ಅಂಗಡಿಗಳು ಇದೇ ಸಾಲಿಗೆ ಮೂರು ದರ ಬರೆದು ಕೊಡುತ್ತವೆ. ಕನಿಷ್ಠ ದರಕ್ಕೆ ಅನುಮೋದನೆ ದೊರೆಯುತ್ತದೆ. ಕಾಗದದ ಮಟ್ಟಿಗೆ ಇದರಲ್ಲಿ ಲೋಪವಿಲ್ಲ. ಆದರೆ ಆ ಮೂವರು ದರ ಬರೆದದ್ದು ಒಂದೇ ವಸ್ತುವಿಗೋ ಎಂಬುದು ಯಾರಿಗೂ ತಿಳಿದಿರುವುದಿಲ್ಲ. ಕಸದ ವಾಹನ ಚಲಿಸುವುದು ಶಾಲೆಯ ಮುಂದೆ, ದನಗಳು ಅಡ್ಡ ಬರುವ ಓಣಿಯಲ್ಲಿ, ಕೆಲವೆಡೆ ಘಟ್ಟದ ತಿರುವಿನಲ್ಲಿ. ಅದನ್ನು ನಡೆಸುವವರು ಬಹಳಷ್ಟು ಕಡೆ ಸ್ವಸಹಾಯ ಸಂಘದ ಮಹಿಳೆಯರು. ಆದ್ದರಿಂದ ಈ ಒಂದು ಸಾಲನ್ನು ಸರಿಯಾಗಿ ಬರೆಯಿಸುವುದು ಸದಸ್ಯರ ಹೊಣೆಯೂ ಹೌದು.

ಆಟೋ ಟಿಪ್ಪರ್ ಮಾದರಿಯ ಸಣ್ಣ ವಾಹನಗಳಲ್ಲಿ ಸಾಮಾನ್ಯವಾಗಿ ಮುಂದಿನ ಎರಡು ಚಕ್ರಗಳಿಗೆ ಡಿಸ್ಕ್ ಬ್ರೇಕ್, ಹಿಂದಿನ ಎರಡಕ್ಕೆ ಡ್ರಮ್ ಬ್ರೇಕ್ ಇರುತ್ತದೆ. ಡಿಸ್ಕ್ ಎಂಬುದು ಚಕ್ರದೊಡನೆ ತಿರುಗುವ ಎರಕದ ಕಬ್ಬಿಣದ ತಟ್ಟೆ; ತಾಂತ್ರಿಕ ಪುಸ್ತಕಗಳಲ್ಲಿ ಇದಕ್ಕೆ ರೋಟರ್ ಎಂಬ ಹೆಸರೂ ಇದೆ. ಚಾಲಕರು ಪೆಡಲ್ ಒತ್ತಿದಾಗ ಕ್ಯಾಲಿಪರ್ ಎಂಬ ಹಿಡಿಕೆಯು ಎರಡು ಪ್ಯಾಡ್‌ಗಳನ್ನು ಈ ತಟ್ಟೆಯ ಎರಡೂ ಬದಿಗೆ ಒತ್ತಿ ಹಿಡಿಯುತ್ತದೆ. ವಾಹನದ ಚಲನೆಯ ಶಕ್ತಿಯೆಲ್ಲ ಘರ್ಷಣೆಯಿಂದ ಶಾಖವಾಗಿ ಮಾರ್ಪಟ್ಟು ಡಿಸ್ಕಿನ ಮೂಲಕ ಗಾಳಿಗೆ ಸೇರುತ್ತದೆ. ವೇಗ ಎರಡು ಪಟ್ಟಾದರೆ ಈ ಶಾಖ ನಾಲ್ಕು ಪಟ್ಟಾಗುತ್ತದೆ. ಹೊರೆ ಹೆಚ್ಚಿದಷ್ಟೂ ಅದೇ ಪ್ರಮಾಣದಲ್ಲಿ ಏರುತ್ತದೆ. ಮಳೆಗಾಲದಲ್ಲಿ ನೆನೆದ ಹಸಿ ಕಸ ಒಣ ಕಸಕ್ಕಿಂತ ಎಷ್ಟು ಭಾರವೆಂಬುದು ಅದನ್ನು ಎತ್ತಿದವರಿಗೆ ಗೊತ್ತು. ಆ ಭಾರವನ್ನು ತಡೆದು ನಿಲ್ಲಿಸಬೇಕಾದದ್ದು ಅಂಗೈಯಗಲದ ಈ ಪ್ಯಾಡ್‌ಗಳೇ.

ಉತ್ತರ ಕನ್ನಡ ಜಿಲ್ಲೆಯಲ್ಲಿ ಒಂದೇ ಮಾದರಿಯ ವಾಹನದ ಬ್ರೇಕ್ ಮೂರು ಬಗೆಯಾಗಿ ಸವೆಯುತ್ತದೆ. ಕಾರವಾರದಿಂದ ಭಟ್ಕಳದವರೆಗಿನ ಕರಾವಳಿಯಲ್ಲಿ ಉಪ್ಪುಗಾಳಿ ಮತ್ತು ಮಳೆಯಿಂದ ಡಿಸ್ಕಿನ ಅಂಚು ತುಕ್ಕು ಹಿಡಿಯುತ್ತದೆ, ಪ್ಯಾಡ್ ತನ್ನ ಚೌಕಟ್ಟಿನಲ್ಲಿ ಸರಿಯದೆ ಬಿಗಿಯುತ್ತದೆ. ದೇವಿಮನೆ, ಅರಬೈಲ್‌ನಂಥ ಘಟ್ಟದ ಇಳಿಜಾರುಗಳ ಆಸುಪಾಸಿನಲ್ಲಿ ಶಾಖವೇ ಮುಖ್ಯ ಶತ್ರು. ಮುಂಡಗೋಡ, ಹಳಿಯಾಳದ ಕಡೆ ಬೇಸಗೆಯ ಧೂಳು ಪ್ಯಾಡ್ ಮತ್ತು ಡಿಸ್ಕಿನ ನಡುವೆ ಸೇರಿ ಉಜ್ಜುಕಾಗದದಂತೆ ಕೆಲಸ ಮಾಡುತ್ತದೆ. ಇದಲ್ಲದೆ ಮನೆಮನೆಗೆ ನಿಲ್ಲುವ ವಾಹನವು ಹತ್ತು ಕಿಲೋಮೀಟರ್ ಓಡುವಷ್ಟರಲ್ಲಿ ನೂರಾರು ಬಾರಿ ಬ್ರೇಕ್ ಹಿಡಿದಿರುತ್ತದೆ. ಆದಕಾರಣ ‘ಇಷ್ಟು ಕಿಲೋಮೀಟರಿಗೊಮ್ಮೆ ಪ್ಯಾಡ್ ಬದಲಿಸಬೇಕು’ ಎಂಬ ಲೆಕ್ಕ ಇಲ್ಲಿ ಉಪಯೋಗಕ್ಕೆ ಬಾರದು. ಅಳತೆಯನ್ನೇ ನೋಡಬೇಕು.

ಹೊಸ ಪ್ಯಾಡಿನ ಘರ್ಷಣೆಯ ಪದರ ಸಾಮಾನ್ಯವಾಗಿ 10 ಮಿಲಿಮೀಟರಿನ ಆಸುಪಾಸು ಇರುತ್ತದೆ. ವಾಹನದ ಕೈಪಿಡಿಯಲ್ಲಿ ಬೇರೆ ಮಿತಿ ಇಲ್ಲದಿದ್ದರೆ ಅದು 3 ಮಿಲಿಮೀಟರಿಗೆ ಇಳಿದಾಗ ಬದಲಿಸುವುದು ಒಳ್ಳೆಯದು. ಈ ಅಳತೆಯಲ್ಲಿ ಪ್ಯಾಡಿನ ಹಿಂಬದಿಯ ಉಕ್ಕಿನ ತಗಡು ಸೇರಬಾರದು. ಚಕ್ರದ ಸಂದಿಯಿಂದ ಇಣುಕಿದರೆ ಕಾಣುವುದು ಹೊರಗಿನ ಪ್ಯಾಡ್ ಮಾತ್ರ. ಕ್ಯಾಲಿಪರ್ ಜಾರುವ ಪಿನ್ನು ಬಿಗಿದಿದ್ದರೆ ಒಳಗಿನ ಪ್ಯಾಡ್ ಮೊದಲು ಸವೆದುಹೋಗಿರುತ್ತದೆ. ಹಾಗಾಗಿ ಚಕ್ರ ಬಿಚ್ಚಿ ಎರಡನ್ನೂ ನೋಡಿದ ಪರೀಕ್ಷೆಯೇ ಪರೀಕ್ಷೆ. ಹಲವು ಪ್ಯಾಡ್‌ಗಳಲ್ಲಿ ಸವೆತ ಮಿತಿಗೆ ಬಂದಾಗ ಕಿರುಗುಟ್ಟುವ ಸಣ್ಣ ತಗಡು ಇರುತ್ತದೆ, ಕೆಲವು ಅಗ್ಗದ ಪ್ಯಾಡ್‌ಗಳಲ್ಲಿ ಅದೂ ಇರುವುದಿಲ್ಲ. ಸದ್ದಿಲ್ಲವೆಂದ ಮಾತ್ರಕ್ಕೆ ಬ್ರೇಕ್ ಸುಸ್ಥಿತಿಯಲ್ಲಿದೆ ಎನ್ನುವಂತಿಲ್ಲ. ಬ್ರೇಕ್ ಹಿಡಿದಾಗ ಕರಕರ ಕೊರೆಯುವ ಸದ್ದು ಬಂದರೆ ಮಾತ್ರ ಪದರ ಮುಗಿದು ಉಕ್ಕು ಕಬ್ಬಿಣವನ್ನು ಉಜ್ಜುತ್ತಿದೆ ಎಂದು ತಿಳಿದು ವಾಹನವನ್ನು ಅಲ್ಲಿಯೇ ನಿಲ್ಲಿಸತಕ್ಕದ್ದು.

ಡಿಸ್ಕಿನ ವಿಷಯದಲ್ಲಿಯೇ ಹೆಚ್ಚು ತಪ್ಪುಗಳಾಗುತ್ತವೆ. ಪ್ಯಾಡ್ ಬದಲಿಸುವಾಗಲೆಲ್ಲ ಡಿಸ್ಕನ್ನೂ ಬದಲಿಸಬೇಕೆನ್ನುವ ಗ್ಯಾರೇಜುಗಳಿವೆ, ಎಂದೂ ಬದಲಿಸಬೇಕಿಲ್ಲ ಎನ್ನುವವೂ ಇವೆ. ಎರಡೂ ಸರಿಯಲ್ಲ. ಪ್ರತಿ ಡಿಸ್ಕಿಗೂ ತಯಾರಕರು ಕನಿಷ್ಠ ದಪ್ಪವೊಂದನ್ನು ನಿಗದಿಪಡಿಸಿರುತ್ತಾರೆ. ಹಲವು ಡಿಸ್ಕ್‌ಗಳ ಅಂಚಿನಲ್ಲಿ ಅಥವಾ ನಡುಭಾಗದಲ್ಲಿ ಆ ಅಂಕಿಯನ್ನು ಎರಕದಲ್ಲೇ ಮೂಡಿಸಿರುತ್ತಾರೆ. ಮೈಕ್ರೋಮೀಟರಿನಿಂದ ಸುತ್ತಲೂ ನಾಲ್ಕಾರು ಕಡೆ ಅಳೆದಾಗ ಎಲ್ಲಿಯಾದರೂ ಈ ಅಂಕಿಗಿಂತ ಕಡಿಮೆ ಬಂದರೆ ಡಿಸ್ಕ್ ಬದಲಾಗಲೇಬೇಕು. ತೆಳುವಾದ ಡಿಸ್ಕ್ ಶಾಖವನ್ನು ತಡೆಯಲಾರದೆ ಬಿರುಕು ಬಿಡಬಹುದು. ಸಾಮಾನ್ಯ ವರ್ನಿಯರ್ ಅಳತೆ ಇಲ್ಲಿ ಮೋಸ ಮಾಡುತ್ತದೆ: ಡಿಸ್ಕಿನ ಹೊರ ಅಂಚಿನಲ್ಲಿ ಪ್ಯಾಡ್ ತಾಗದ ದಪ್ಪ ಏಣು ಉಳಿದಿರುತ್ತದೆ, ವರ್ನಿಯರಿನ ದವಡೆ ಅದರ ಮೇಲೆ ಕೂರುತ್ತದೆ.

ಪೆಡಲ್ ಪಾದಕ್ಕೆ ಮಿಡಿದಂತಾಗುವುದು, ಸ್ಟಿಯರಿಂಗ್ ನಡುಗುವುದು ಡಿಸ್ಕಿನ ದಪ್ಪ ಎಲ್ಲೆಡೆ ಸಮನಾಗಿಲ್ಲ ಎಂಬುದರ ಗುರುತು. ಮಿಲಿಮೀಟರಿನ ಕೆಲವೇ ನೂರರ ಅಂಶದಷ್ಟು ವ್ಯತ್ಯಾಸವೂ ಕಾಲಿಗೆ ತಿಳಿಯುತ್ತದೆ. ಇಂಥ ಡಿಸ್ಕನ್ನು ಲೇತಿನಲ್ಲಿ ಹಿಡಿಸಿ ಸಮ ಮಾಡಬಹುದು. ಆದರೆ ಸಮ ಮಾಡಿದ ಮೇಲೂ ದಪ್ಪ ಕನಿಷ್ಠ ಮಿತಿಗಿಂತ ಮೇಲಿರಬೇಕು, ಮುಂದಿನ ಸವೆತಕ್ಕೂ ಸ್ವಲ್ಪ ಉಳಿದಿರಬೇಕು. ಎರಡೂ ಅಳತೆಗಳನ್ನು ಬಿಲ್ಲಿನ ಮೇಲೆ ಬರೆಯಿಸದೆ ಲೇತಿನ ಹಣ ಪಾವತಿಸುವುದು ಸಾಧುವಲ್ಲ. ಮಳೆಯಲ್ಲಿ ಎರಡು ದಿನ ನಿಂತ ವಾಹನದ ಡಿಸ್ಕ್ ಕೆಂಪಾದರೆ ಗಾಬರಿ ಬೇಡ, ನಾಲ್ಕು ಬಾರಿ ಬ್ರೇಕ್ ಹಿಡಿದರೆ ಅದು ಹೋಗುತ್ತದೆ. ಪ್ಯಾಡ್ ತಾಗುವ ಮೇಲ್ಮೈಯಲ್ಲೇ ತುಕ್ಕು ಗುಳಿ ಕೊರೆದಿದ್ದರೆ ಮಾತ್ರ ಚಿಂತಿಸಬೇಕಾದ ವಿಷಯ.

ಪ್ಯಾಡಿನ ಪದರ ಸಾಮಾನ್ಯವಾಗಿ ಮೂರು ವಿಧ. ನಾರು, ರಬ್ಬರು, ರಾಳಗಳ ಮಿಶ್ರಣದ ಆರ್ಗ್ಯಾನಿಕ್ ಪ್ಯಾಡ್ ಸದ್ದು ಮಾಡದು, ಡಿಸ್ಕನ್ನು ತಿನ್ನದು. ಆದರೆ ಬೇಗ ಸವೆಯುತ್ತದೆ ಮತ್ತು ಹೆಚ್ಚು ಶಾಖದಲ್ಲಿ ಹಿಡಿತ ಕಳೆದುಕೊಳ್ಳುತ್ತದೆ. ಉಕ್ಕಿನ ನಾರು, ಕಬ್ಬಿಣದ ಪುಡಿ ಸೇರಿದ ಸೆಮಿ ಮೆಟಾಲಿಕ್ ಪ್ಯಾಡ್ ಶಾಖವನ್ನು ಚೆನ್ನಾಗಿ ತಾಳುತ್ತದೆ, ಬದಲಿಗೆ ಡಿಸ್ಕ್ ಸ್ವಲ್ಪ ಬೇಗ ಸವೆಯುತ್ತದೆ. ಸೆರಾಮಿಕ್ ಪ್ಯಾಡ್ ಧೂಳು ಕಡಿಮೆ ಬಿಡುತ್ತದೆ, ಬೆಲೆ ಹೆಚ್ಚು. ಕಸದ ವಾಹನಕ್ಕೆ ಆ ವೆಚ್ಚದಿಂದ ವಿಶೇಷ ಲಾಭವಿಲ್ಲ. ವಾಹನ ತಯಾರಕರು ಮೂಲದಲ್ಲಿ ಹಾಕಿದ ದರ್ಜೆಗೆ ಸಮನಾದುದನ್ನೇ ಹಾಕುವುದು ಎಲ್ಲಕ್ಕಿಂತ ಸುರಕ್ಷಿತ. ಘಟ್ಟದ ವಾಹನಕ್ಕೆ ಅದಕ್ಕಿಂತ ಕೆಳದರ್ಜೆಯ ಆರ್ಗ್ಯಾನಿಕ್ ಪ್ಯಾಡ್ ಒಪ್ಪಲೇಬಾರದು. ತೂತು ಕೊರೆದ, ಗೆರೆ ತೆಗೆದ ಡಿಸ್ಕ್‌ಗಳನ್ನು ‘ಸ್ಪೆಷಲ್’ ಎಂದು ಮಾರುವುದುಂಟು. ಈ ಕೆಲಸಕ್ಕೆ ಅವು ಅನಾವಶ್ಯಕ.

ಕಲ್ನಾರು ಸೇರಿದ ಪ್ಯಾಡ್ ಮತ್ತು ಲೈನರ್‌ಗಳನ್ನು ಯಾವ ದರಕ್ಕೂ ಕೊಳ್ಳಬಾರದು. ಕಲ್ನಾರಿನ ಧೂಳು ಶ್ವಾಸಕೋಶದ ಕ್ಯಾನ್ಸರಿಗೆ ಕಾರಣವಾಗುತ್ತದೆ ಎಂಬುದು ನಿಶ್ಚಿತವಾಗಿ ತಿಳಿದುಬಂದ ಸಂಗತಿ. ಹಳೆಯ ಲೈನರಿನಲ್ಲಿ ಏನಿತ್ತೆಂದು ತಿಳಿಯದಿರುವುದರಿಂದ, ಬ್ರೇಕ್ ಬಿಚ್ಚುವಾಗ ಧೂಳನ್ನು ಬಾಯಿಯಿಂದಾಗಲಿ ಗಾಳಿಯ ಪೈಪಿನಿಂದಾಗಲಿ ಊದದೆ ಒದ್ದೆ ಬಟ್ಟೆಯಿಂದ ಒರೆಸಬೇಕು. ಊದುವ ಅಭ್ಯಾಸ ಬಹುತೇಕ ಗ್ಯಾರೇಜುಗಳಲ್ಲಿ ಇಂದಿಗೂ ಇದೆ.

ಇನ್ನು ದರಪಟ್ಟಿಯ ವಿಷಯ. ಒಂದೇ ಹೆಸರಿನ ವಾಹನದಲ್ಲಿ ತಯಾರಿಕೆಯ ವರ್ಷ ಬದಲಾದಂತೆ ಡಿಸ್ಕಿನ ವ್ಯಾಸವೂ ಪ್ಯಾಡಿನ ಆಕಾರವೂ ಬದಲಾಗಿರಬಹುದು. ಆದ್ದರಿಂದ ದರ ಕೇಳುವ ಪತ್ರದಲ್ಲಿ ವಾಹನದ ಮಾದರಿ, ತಯಾರಿಕೆಯ ವರ್ಷ, ಚಾಸಿಸ್ ಸಂಖ್ಯೆ, ತಯಾರಕರ ಬಿಡಿಭಾಗದ ಸಂಖ್ಯೆ ಇವುಗಳನ್ನು ನಮೂದಿಸಿ, ‘ಮೂಲ ದರ್ಜೆಗೆ ಸಮನಾದ, ಕಲ್ನಾರು ರಹಿತ’ ಎಂಬ ಷರತ್ತನ್ನೂ ಸೇರಿಸತಕ್ಕದ್ದು. ಬ್ರೇಕ್ ಲೈನಿಂಗ್‌ಗೆ ಭಾರತೀಯ ಮಾನಕ ಸಂಖ್ಯೆ ಐಎಸ್ 2742 ಇದೆ; ಅದಕ್ಕೆ ಅನುಗುಣವಾಗಿದೆಯೇ ಎಂದು ಮಾರಾಟಗಾರರಿಂದ ಬರೆಯಿಸಿಕೊಳ್ಳಬಹುದು. ಆಗ ಮೂರು ದರಗಳೂ ಒಂದೇ ವಸ್ತುವಿನ ದರಗಳಾಗುತ್ತವೆ, ಕನಿಷ್ಠ ದರವನ್ನು ಒಪ್ಪುವುದಕ್ಕೆ ಅರ್ಥವೂ ಬರುತ್ತದೆ. ಮೂಲ ಕಂಪನಿಯ ಪೆಟ್ಟಿಗೆಯೇ ಆಗಬೇಕೆಂದೇನಿಲ್ಲ. ವಾಹನ ತಯಾರಕರಿಗೆ ಬ್ರೇಕ್ ಭಾಗ ಪೂರೈಸುವ ಸಂಸ್ಥೆಗಳು ತಮ್ಮದೇ ಹೆಸರಿನಲ್ಲೂ ಮಾರುತ್ತವೆ, ಅವು ಸಾಮಾನ್ಯವಾಗಿ ಅಗ್ಗ. ಆದರೆ ಬ್ಯಾಚ್ ಸಂಖ್ಯೆ ಇಲ್ಲದ, ಮುದ್ರಣ ಮಸುಕಾದ ಪೆಟ್ಟಿಗೆ, ಬಿಲ್ ಕೊಡದ ಅಂಗಡಿ ಎರಡನ್ನೂ ದೂರವಿಡಬೇಕು. ನಕಲಿ ಪ್ಯಾಡಿನಲ್ಲಿ ಪದರವೇ ತಗಡಿನಿಂದ ಬಿಟ್ಟುಬರುವ ಅಪಾಯವಿದೆ.

ಒಂದು ಬದಿಯ ಪ್ಯಾಡ್ ಮಾತ್ರ ಬದಲಿಸಿ ಹಣ ಉಳಿಸಲು ಹೋಗಬಾರದು. ಬ್ರೇಕ್ ಹಿಡಿದಾಗ ವಾಹನ ಒಂದು ಕಡೆಗೆ ಎಳೆಯುತ್ತದೆ. ಡಿಸ್ಕಿಗೂ ಇದೇ ನಿಯಮ: ಎಡ ಬಲ ಒಟ್ಟಿಗೆ. ಜಾರುವ ಪಿನ್ನುಗಳನ್ನು ತೊಳೆದು ಬ್ರೇಕಿಗೆಂದೇ ಇರುವ ಗ್ರೀಸ್ ಹಚ್ಚಿಸಬೇಕು. ಹಿಂದಿನ ಡ್ರಮ್ಮಿನ ಲೈನರನ್ನು ಅದೇ ದಿನ ಬಿಚ್ಚಿ ನೋಡುವುದು ಒಳಿತು, ಏಕೆಂದರೆ ಕಸದ ಹೊರೆ ಬೀಳುವುದು ಹಿಂದೆ, ಹ್ಯಾಂಡ್ ಬ್ರೇಕ್ ಹಿಡಿಯುವುದೂ ಅಲ್ಲಿಯೇ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ. ಡಾಟ್ 4 ದರ್ಜೆಯ ಹೊಸ ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ಮಾನದಂಡ. ನೀರು ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಘಟ್ಟ ಇಳಿಯುವಾಗ ಆಯಿಲ್ ಕುದಿದು ಆವಿಯಾದರೆ ಪೆಡಲ್ ತಳದವರೆಗೆ ಹೋಗುತ್ತದೆ, ವಾಹನ ನಿಲ್ಲುವುದಿಲ್ಲ. ಈ ಜಿಲ್ಲೆಯ ಮಳೆಯಲ್ಲಿ ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಿಸುವುದು ಅತಿಯಾದ ಎಚ್ಚರಿಕೆಯಲ್ಲ. ಡಬ್ಬಿಯ ಮುಚ್ಚಳದ ಮೇಲೆ ಬರೆದ ದರ್ಜೆಯನ್ನೇ ಹಾಕಬೇಕು.

ಹೊಸ ಡಿಸ್ಕಿನ ಮೇಲೆ ತುಕ್ಕು ತಡೆಯುವ ಎಣ್ಣೆ ಸವರಿರುತ್ತದೆ. ಅದನ್ನು ಬ್ರೇಕ್ ಕ್ಲೀನರಿನಿಂದ ಪೂರ್ತಿ ತೆಗೆಯದೆ ಜೋಡಿಸಿದರೆ ಹೊಸ ಪ್ಯಾಡ್ ಮೊದಲ ದಿನವೇ ಕೆಡುತ್ತದೆ. ಡಿಸ್ಕ್ ಕೂರುವ ಹಬ್ಬಿನ ತುಕ್ಕನ್ನು ಉಜ್ಜಿ ತೆಗೆಯದಿದ್ದರೆ ಡಿಸ್ಕ್ ಓರೆಯಾಗಿ ಕೂತು ಕೆಲವೇ ತಿಂಗಳಲ್ಲಿ ನಡುಕ ಮರಳುತ್ತದೆ. ಜೋಡಣೆಯ ನಂತರ ಖಾಲಿ ರಸ್ತೆಯಲ್ಲಿ, ಹೊರೆಯಿಲ್ಲದೆ, 40–50 ಕಿಲೋಮೀಟರ್ ವೇಗದಿಂದ ನಿಧಾನ ವೇಗಕ್ಕೆ ಇಳಿಸುವುದನ್ನು ಇಪ್ಪತ್ತು ಬಾರಿ, ನಡುನಡುವೆ ತಣಿಯಲು ಬಿಟ್ಟು ಮಾಡಿದರೆ ಪ್ಯಾಡ್ ಮತ್ತು ಡಿಸ್ಕ್ ಒಂದಕ್ಕೊಂದು ಹೊಂದಿಕೊಳ್ಳುತ್ತವೆ. ವಾಹನದ ಚಾಲಕಿಯೇ ಇದನ್ನು ಮಾಡಿ, ಪೆಡಲ್ ತೃಪ್ತಿಕರವೆಂದು ಲಾಗ್ ಪುಸ್ತಕದಲ್ಲಿ ಸಹಿ ಹಾಕುವ ಪದ್ಧತಿ ಇರಲಿ. ದಿನವೂ ಆ ಪೆಡಲ್ ಒತ್ತುವ ಕಾಲು ಅವರದೇ.

‘ಹಳೆಯ ಗಾಡಿ, ಇಷ್ಟು ಖರ್ಚು ಏಕೆ’ ಎಂಬ ಪ್ರಶ್ನೆ ಸಭೆಯಲ್ಲಿ ಬರುವುದು ಸಹಜ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ನಿಯಮದಂತೆ ಪಂಚಾಯತ್‌ಗಳೂ ಸೇರಿದಂತೆ ಸರ್ಕಾರಿ ಒಡೆತನದ ವಾಹನಗಳ ನೋಂದಣಿ 15 ವರ್ಷಕ್ಕೆ ಕೊನೆಗೊಳ್ಳುತ್ತದೆ. ಆರೇಳು ವರ್ಷದ ವಾಹನವೊಂದು ಆ ಲೆಕ್ಕದಲ್ಲಿ ಅರ್ಧ ದಾರಿಯಲ್ಲಷ್ಟೇ ಇದೆ. ಎಂಟು ವರ್ಷ ದಾಟಿದ ಮೇಲೆ ಸಾರಿಗೆ ವಾಹನಕ್ಕೆ ಪ್ರತಿವರ್ಷ ಅರ್ಹತಾ ಪತ್ರ ಪಡೆಯಬೇಕಾಗುತ್ತದೆ, ಅಲ್ಲಿ ಬ್ರೇಕಿನ ಪರೀಕ್ಷೆಯೂ ಇದೆ. ಬಿಲ್ ಮಂಜೂರಾಗುವವರೆಗೆ ತೆಗೆದ ಹಳೆಯ ಪ್ಯಾಡ್ ಮತ್ತು ಡಿಸ್ಕ್‌ಗಳನ್ನು ಗ್ಯಾರೇಜಿನಲ್ಲಿ ಬಿಡದೆ ಪಂಚಾಯತ್ ಕಚೇರಿಗೆ ತರಿಸಿಟ್ಟರೆ, ಸದಸ್ಯರು ಅಳತೆಯನ್ನು ಕಣ್ಣಾರೆ ನೋಡಿಯೇ ಮಂಜೂರಾತಿ ನೀಡಬಹುದು.