ಮರಳಿ ಬರುವ ಪಲ್ಲವಿ

ಹಾಡೊಂದು ಕಿವಿಗೆ ಬಿದ್ದಾಗ, ಅದನ್ನು ಮೊದಲಿನಿಂದ ಕೊನೆಯವರೆಗೆ ಒಂದೇ ಓಟದಲ್ಲಿ ಹಾಡಿದ್ದಾರೆಂದು ನಾವು ತಿಳಿಯುತ್ತೇವೆ. ಆ ಓಟದಲ್ಲಿ ಎಷ್ಟು ಬೆಸುಗೆಗಳಿವೆಯೆಂಬುದು ಧ್ವನಿಮುದ್ರಣದ ಕೋಣೆಯಲ್ಲಿ ಕುಳಿತವರಿಗಷ್ಟೇ ಗೊತ್ತು.

ಟೇಪಿನ ಕಾಲದಲ್ಲಿ ನಾನೂ ಆ ಕೆಲಸ ಮಾಡಿದವನು. ಆಗ ಕಾಲವನ್ನು ಅಳತೆಪಟ್ಟಿಯಿಂದ ಅಳೆಯಬಹುದಾಗಿತ್ತು. ಸೆಕೆಂಡಿಗೆ 19 ಸೆಂಟಿಮೀಟರ್ ವೇಗದಲ್ಲಿ ಓಡುವ ಟೇಪಿನಲ್ಲಿ ಅರ್ಧ ಸೆಕೆಂಡಿನ ಉಸಿರೆಂದರೆ ಅಂಗೈ ಅಗಲದ ಒಂದು ತುಂಡು. ಬೇಕಾದೆಡೆ ಪೆನ್ಸಿಲಿನಿಂದ ಗುರುತು ಹಾಕಿ, ಬ್ಲೇಡಿನಿಂದ ಓರೆಯಾಗಿ ಕತ್ತರಿಸಿ, ಹಿಂಬದಿಗೆ ಅಂಟುಪಟ್ಟಿ ಹಚ್ಚುತ್ತಿದ್ದೆವು. ನೇರವಾಗಿ ಕತ್ತರಿಸಿದರೆ ಒಂದು ಧ್ವನಿ ತಟಕ್ಕನೆ ನಿಂತು ಇನ್ನೊಂದು ತಟಕ್ಕನೆ ಹುಟ್ಟುತ್ತದೆ; ಓರೆಯಾದರೆ ಒಂದು ಕರಗುತ್ತಿರುವಾಗಲೇ ಇನ್ನೊಂದು ಮೂಡುತ್ತದೆ.

ಈ ವಿದ್ಯೆಯನ್ನು ಹಗುರವಾಗಿ ಕಾಣಲಾಗದು. 1966ರ ಡಿಸೆಂಬರಿನಲ್ಲಿ, ಲಂಡನ್ನಿನಲ್ಲಿ, ಬೀಟಲ್ಸ್ ತಂಡದ ‘ಸ್ಟ್ರಾಬೆರಿ ಫೀಲ್ಡ್ಸ್ ಫಾರೆವರ್’ ಹಾಡಿನ ಎರಡು ಮುದ್ರಣಗಳು ಸಿದ್ಧವಾಗಿದ್ದವು. ಜಾನ್ ಲೆನನ್‌ರಿಗೆ ಒಂದರ ಆರಂಭವೂ ಇನ್ನೊಂದರ ಅಂತ್ಯವೂ ಬೇಕಾದವು. ಎರಡರ ಶ್ರುತಿಯೂ ಬೇರೆ, ಲಯವೂ ಬೇರೆ. ಟೇಪಿನ ವೇಗ ತಗ್ಗಿದರೆ ಶ್ರುತಿ, ಲಯ ಎರಡೂ ಒಟ್ಟಿಗೇ ತಗ್ಗುತ್ತವೆ. ಈ ಗುಣವನ್ನು ಬಳಸಿಕೊಂಡು ನಿರ್ಮಾಪಕ ಜಾರ್ಜ್ ಮಾರ್ಟಿನ್ ಮತ್ತು ತಂತ್ರಜ್ಞ ಜೆಫ್ ಎಮೆರಿಕ್, ಹಾಡು ಸುಮಾರು ಒಂದು ನಿಮಿಷ ಸಾಗಿದೆಡೆಯಲ್ಲಿ ಎರಡನ್ನೂ ಬೆಸೆದರು. ಯಾರೂ ಒಂದೇ ಸಲಕ್ಕೆ ಹಾಡದ ಹಾಡೊಂದು ಹೀಗೆ ಹುಟ್ಟಿತು.

ಆದರೆ ಬೆಸುಗೆ ಬೇರೆ, ನಕಲು ಬೇರೆ. ಒಮ್ಮೆ ಹಿರಿಯ ಗಾಯಕಿಯೊಬ್ಬರ ಭಾವಗೀತೆಯ ಕೊನೆಯಲ್ಲಿ ಪಲ್ಲವಿ ತುಸು ಬಳಲಿದಂತೆ ನನಗೆ ಕೇಳಿಸಿತು. ಮೊದಲ ಪಲ್ಲವಿಯನ್ನೇ ಇನ್ನೊಂದು ಯಂತ್ರದಲ್ಲಿ ಪ್ರತಿಮಾಡಿ ಅಲ್ಲಿ ಅಂಟಿಸಿದೆ. ಬೆಸುಗೆ ಎಲ್ಲಿಯೂ ತಿಳಿಯುವಂತಿರಲಿಲ್ಲ. ಅವರು ಕಣ್ಣು ಮುಚ್ಚಿ ಕೇಳಿ, “ಚೆನ್ನಾಗಿದೆಯಪ್ಪ. ಆದರೆ ಈ ಪಲ್ಲವಿಗೆ ಚರಣಗಳು ಕೇಳಿಸಿಯೇ ಇಲ್ಲವಲ್ಲ!” ಎಂದರು.

ಆ ಮಾತು ನನ್ನನ್ನು ತಿದ್ದಿತು. ಪಲ್ಲವಿಯ ಪದಗಳೂ ಅವೇ, ಸ್ವರಗಳೂ ಅವೇ; ಆದರೆ ಚರಣಗಳ ನೋವುನಲಿವುಗಳನ್ನು ಹಾದು ಮರಳುವಾಗ ಅದರ ಅರ್ಥ ಬೆಳೆದಿರುತ್ತದೆ. ನಾನು ಬಳಲಿಕೆಯೆಂದು ಬಗೆದದ್ದು ಆ ಬೆಳವಣಿಗೆಯನ್ನೇ. ಇಂದು ಕಂಪ್ಯೂಟರಿನಲ್ಲಿ ಗುಂಡಿಯೊತ್ತಿದರೆ ಒಂದೇ ಪಲ್ಲವಿ ಹತ್ತು ಕಡೆ ಕೂರುತ್ತದೆ. ತಾಳದ ಪೆಟ್ಟಿಗೆ ಅದು ಒಗ್ಗೀತು; ಕೊರಳಿಗೆ ಒಗ್ಗುವುದು ಕಷ್ಟ.

ಪುಣ್ಯಕ್ಕೆ, ಕತ್ತರಿಸಿದ ಮೂರು ಮೀಟರಿನ ತುಂಡನ್ನು ನಾನು ಎಸೆದಿರಲಿಲ್ಲ. ಗುರುತು ಬರೆದು ಸುರುಳಿ ಸುತ್ತಿಟ್ಟಿದ್ದೆ. ಅವರ ಎದುರಿನಲ್ಲೇ ಅದನ್ನು ಬಿಚ್ಚಿ, ಅದರ ಜಾಗದಲ್ಲೇ ಮತ್ತೆ ಅಂಟಿಸಿದೆ.