ಪದವಿಯೂ ಪರವಾನಗಿಯೂ

ಕಂಪಲಾಪುರದ ತರುಣನೊಬ್ಬನು ಕೆನಡ ದೇಶದ ಆಂಟೇರಿಯೊ ಪ್ರಾಂತಕ್ಕೆ ಹೋಗಿ ವಿದ್ಯುತ್ ಎಂಜಿನಿಯರಿಂಗಿನಲ್ಲಿ ಪದವಿ ಪಡೆದನೆನ್ನೋಣ. ಅಷ್ಟರಿಂದಲೇ ಅವನು ಅಲ್ಲಿನ ಮನೆಗಳಿಗೆ ವೈರಿಂಗ್ ಮಾಡಬಹುದೆ? ಕೂಡದು. ಅದಕ್ಕೆ ಬೇರೆಯೇ ಪರವಾನಗಿ ಬೇಕು. ಇದರ ಕಾರಣವನ್ನು ಭೌತಶಾಸ್ತ್ರದಲ್ಲಿಯೇ ಕಾಣಬಹುದು.

ನಮ್ಮ ಮನೆಗಳ ವಿದ್ಯುತ್ತು 230 ವೋಲ್ಟು. ಅಲ್ಲಿಯ ಸಾಮಾನ್ಯ ಪ್ಲಗ್ಗಿನಲ್ಲಿ 120 ವೋಲ್ಟು. 1,200 ವ್ಯಾಟಿನ ಇಸ್ತ್ರಿಪೆಟ್ಟಿಗೆ ಇಲ್ಲಿ ಸುಮಾರು 5.2 ಆಂಪಿಯರ್ ಸೆಳೆದರೆ, ಅಷ್ಟೇ ವ್ಯಾಟಿನದು ಅಲ್ಲಿ 10 ಆಂಪಿಯರ್ ಸೆಳೆಯುವುದು. ತಂತಿಯಲ್ಲಿ ಹುಟ್ಟುವ ಶಾಖವು ಪ್ರವಾಹದ ವರ್ಗಕ್ಕೆ ಅನುಪಾತದಲ್ಲಿರುವುದಷ್ಟೆ. ಆದುದರಿಂದ ಅದೇ ತಂತಿಯಲ್ಲಿ ಶಾಖವು ಹೆಚ್ಚುಕಡಮೆ 3.7 ಪಟ್ಟಾಗುವುದು. ಇಲ್ಲಿ ಸಾಕಾದ ತಂತಿ ಅಲ್ಲಿ ಬೆಂಕಿಗೆ ದಾರಿಯಾದೀತು.

ಇನ್ನು ಬಣ್ಣದ ಮಾತು. ನಮ್ಮಲ್ಲಿ ರೂಢಿಯಾಗಿ ಕಪ್ಪು ತಂತಿ ನ್ಯೂಟ್ರಲ್. ಅಲ್ಲಿ ಸಾಮಾನ್ಯವಾಗಿ ಕಪ್ಪೇ ಫೇಸ್, ಬಿಳಿಯದು ನ್ಯೂಟ್ರಲ್. ಕೈಗೆ ಅಂಟಿದ ಅಭ್ಯಾಸವೇ ಪ್ರಾಣಕ್ಕೆ ಎರವಾಗಬಹುದು.

ಆದಕಾರಣ ಅಲ್ಲಿ ಸುಮಾರು 9,000 ಗಂಟೆ, ಎಂದರೆ ಐದು ವರ್ಷದಷ್ಟು ಕಾಲ, ಅಪ್ರೆಂಟಿಸ್ ಆಗಿ ದುಡಿದು ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ಬೇರೆಡೆ ಗಳಿಸಿದ ಅನುಭವಕ್ಕೆ ಬರಹದ ಪುರಾವೆಯಿದ್ದರೆ ಅದನ್ನೂ ಪರಿಶೀಲಿಸುವರು. ಆದುದರಿಂದ ಊರಿನಲ್ಲಿ ಕೆಲಸ ಕಲಿತವರು ಆ ಪತ್ರಗಳನ್ನು ಜೋಪಾನವಾಗಿ ಕೊಂಡೊಯ್ಯುವುದು ಲೇಸು.