ಹೊಡೆತ, ತಿರುವು, ಧೂಳು: ಆವನಿ ಸೀಮೆಯ ಬಂಡೆ ಕೊರೆಯುವ ಕಸುಬು

ಬಂಡೆ ಕೊರೆಯುವುದರಲ್ಲಿ ಮೂರು ಕೆಲಸಗಳಿವೆ. ಉಳಿಯ ತಲೆಗೆ ಏಟು ಕೊಟ್ಟು ಕಲ್ಲನ್ನು ಪುಡಿಮಾಡಬೇಕು. ಮುಂದಿನ ಏಟು ಅದೇ ಗೆರೆಯ ಮೇಲೆ ಬೀಳದಂತೆ ಉಳಿಯನ್ನು ಸ್ವಲ್ಪ ತಿರುಗಿಸಬೇಕು. ಕುಳಿಯಲ್ಲಿ ಕೂಡಿದ ಪುಡಿಯನ್ನು ಹೊರಗೆ ತೆಗೆಯಬೇಕು. ಕೈಯಲ್ಲಿ ಹಿಡಿಯುವ ಚಾಣಕ್ಕೂ ಸಾವಿರ ಅಡಿ ಇಳಿಯುವ ಬೋರ್‌ವೆಲ್ ರಿಗ್ಗಿಗೂ ಈ ಕ್ರಮ ಒಂದೇ. ಏಟು ಎಲ್ಲಿಂದ ಬರುತ್ತದೆ, ಪುಡಿ ಎಲ್ಲಿಗೆ ಹೋಗುತ್ತದೆ ಎಂಬುದರಲ್ಲೇ ಉಪಕರಣಗಳ ನಡುವಿನ ವ್ಯತ್ಯಾಸವಿದೆ. ಮೊದಲ ಪ್ರಶ್ನೆಗೆ ಎಂಜಿನಿಯರುಗಳು ಬೇಗ ಬೇಗ ಉತ್ತರ ಕಂಡುಕೊಂಡರು. ಎರಡನೆಯದು ಬಹುಕಾಲ ಹಿಂದೆ ಉಳಿಯಿತು, ಅದರ ಬೆಲೆಯನ್ನು ಕಾರ್ಮಿಕರ ಶ್ವಾಸಕೋಶ ತೆತ್ತಿತು.

ಇದನ್ನೆಲ್ಲ ಒಂದೇ ಸೀಮೆಯಲ್ಲಿ ನೋಡಲು ಕೋಲಾರ ಜಿಲ್ಲೆಗಿಂತ ತಕ್ಕ ಜಾಗ ಸಿಗುವುದು ಕಷ್ಟ. ಮುಳಬಾಗಿಲು ತಾಲ್ಲೂಕಿನ ಆವನಿ ಬೆಟ್ಟ ಬರಿಯ ಬಂಡೆಯ ಬೆಟ್ಟ. ಅದರ ಬುಡದಲ್ಲಿ ನೊಳಂಬರ ಕಾಲದ ರಾಮಲಿಂಗೇಶ್ವರ ದೇವಾಲಯಗಳ ಗುಂಪು ಇದೆ. ಇಲ್ಲಿಂದ ದಕ್ಷಿಣಕ್ಕೆ ಹೋದರೆ ಚಿನ್ನದ ಗಣಿಗಳ ಊರು ಕೆಜಿಎಫ್. ಕೋಲಾರ, ಮಾಲೂರು, ಶ್ರೀನಿವಾಸಪುರದ ಕಡೆಗೆಲ್ಲ ಕಲ್ಲು ಕ್ವಾರಿಗಳು, ಜಲ್ಲಿ ಕ್ರಷರ್‌ಗಳು, ಆಳದ ಕೊಳವೆ ಬಾವಿಗಳು. ಕಾಲಡಿಯಲ್ಲಿರುವುದು ಬಹುಪಾಲು ಗ್ರಾನೈಟ್ ಮತ್ತು ನೈಸ್, ಎಂದರೆ 250 ಕೋಟಿ ವರ್ಷಕ್ಕೂ ಹಳೆಯ ಶಿಲೆ. ಅದರ ನಡುವೆ ಉತ್ತರ ದಕ್ಷಿಣವಾಗಿ ಹಾದುಹೋಗುವ ಕಿರಿದಾದ ಕಪ್ಪು ಪಟ್ಟಿಯಲ್ಲಿ ಚಿನ್ನದ ಬಿಳಿಗಲ್ಲಿನ (ಕ್ವಾರ್ಟ್ಜ್) ಎಳೆಗಳಿದ್ದವು.

ಗ್ರಾನೈಟನ್ನು ಒತ್ತಿ ಪುಡಿಮಾಡುವುದು ಕಷ್ಟ, ಎಳೆದು ಸೀಳುವುದು ಸುಲಭ. ಎಳೆತವನ್ನು ತಾಳುವ ಅದರ ಶಕ್ತಿ ಒತ್ತಡವನ್ನು ತಾಳುವ ಶಕ್ತಿಯ ಹತ್ತರಲ್ಲೊಂದು ಪಾಲು, ಕೆಲವೊಮ್ಮೆ ಅದಕ್ಕೂ ಕಡಿಮೆ. ಕಲ್ಲು ಕುಟಿಗರು ಪುಸ್ತಕದ ಹಂಗಿಲ್ಲದೆ ಇದನ್ನು ಅರಿತಿದ್ದರು. ಬಂಡೆಯ ಮೇಲೆ ಒಂದು ಗೆರೆ ಎಳೆದು, ಗೆರೆಯುದ್ದಕ್ಕೂ ಗೇಣು ಗೇಣಿಗೆ ಕುಳಿ ತೋಡಿ, ಪ್ರತಿ ಕುಳಿಯಲ್ಲೂ ಎರಡು ಕಬ್ಬಿಣದ ಪಟ್ಟಿಗಳ ನಡುವೆ ಬೆಣೆ ಇಟ್ಟು, ಈ ತುದಿಯಿಂದ ಆ ತುದಿಗೆ ಸಾಲಾಗಿ ಒಂದೊಂದು ಏಟು ಕೊಡುತ್ತ ಹೋಗುತ್ತಾರೆ. ಎಲ್ಲ ಬೆಣೆಗಳೂ ಸಮನಾಗಿ ಬಿಗಿದಾಗ ಗೆರೆಯ ಗುಂಟ ಬಂಡೆ ಸೀಳುತ್ತದೆ. ಬೆಣೆ ಬಿಗಿಯುತ್ತ ಹೋದಂತೆ ಸುತ್ತಿಗೆಯ ನಾದ ಬದಲಾಗುತ್ತದೆ, ಅನುಭವಿಯು ಆ ನಾದದ ಮೇಲೆಯೇ ಮುಂದಿನ ಏಟಿನ ಬಲವನ್ನು ನಿರ್ಧರಿಸುತ್ತಾನೆ. ಕಲ್ಲಿಗೆ ತನ್ನದೇ ಆದ ಸೀಳುವ ದಿಕ್ಕು ಇರುತ್ತದೆ. ಅದನ್ನು ಮೊದಲು ಓದಿಕೊಳ್ಳದೆ ಕುಳಿ ತೋಡಿದರೆ ದಿನದ ಕೆಲಸವೇ ಹಾಳು.

ಹಾಸುಬಂಡೆಯಿಂದ ಚಪ್ಪಡಿ ಎಬ್ಬಿಸಲು ಬೆಂಕಿಯನ್ನೂ ಬಳಸುತ್ತಿದ್ದರು. ಬೆಂಗಳೂರಿನ ಆಸುಪಾಸಿನಲ್ಲಿ ಕಂಡ ಈ ವಿಧಾನದ ವಿವರ 1895ರಲ್ಲಿ ಇಂಗ್ಲೆಂಡಿನ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಬಂಡೆಯ ಮೇಲೆ ಒಣಸೌದೆಯನ್ನು ಸಾಲಾಗಿ ಹೊತ್ತಿಸುತ್ತಾರೆ. ಕಲ್ಲು ಶಾಖವನ್ನು ಬೇಗ ಒಳಗೆ ಬಿಡುವುದಿಲ್ಲ. ಮೇಲಿನ ಪದರ ಮಾತ್ರ ಕಾದು ಹಿಗ್ಗುತ್ತದೆ, ಕೆಳಗಿನದು ತಣ್ಣಗೇ ಇರುತ್ತದೆ. ಹೆಂಚಿನ ಮೇಲೆ ರೊಟ್ಟಿ ತಳ ಬಿಡುವ ಹಾಗೆ ಪದರ ಬೇರ್ಪಡುತ್ತದೆ. ಸುತ್ತಿಗೆಯಿಂದ ಬಡಿದರೆ ಟೊಳ್ಳು ಸದ್ದು ಬಂದಲ್ಲಿ ಬಿಟ್ಟಿದೆ ಎಂದು ತಿಳಿದು, ಉರಿಯುವ ಕೊಳ್ಳಿಗಳನ್ನು ಕೆಲವೇ ಅಂಗುಲ ಮುಂದಕ್ಕೆ ತಳ್ಳುತ್ತಾರೆ. ಹೀಗೆ ಎದ್ದ ದೊಡ್ಡ ಚಪ್ಪಡಿಯನ್ನು ಆಮೇಲೆ ಬೆಣೆಯಿಂದ ಬೇಕಾದ ಅಳತೆಗೆ ಸೀಳಿಕೊಳ್ಳಬಹುದು. ಮದ್ದಿನ ಸಿಡಿತದಿಂದ ಕಲ್ಲಿನೊಳಗೆ ಬೀಳುವ ಕೂದಲೆಳೆಯ ಬಿರುಕುಗಳು ಈ ವಿಧಾನದಲ್ಲಿ ಬೀಳುವುದಿಲ್ಲ.

ಚಿನ್ನದ ಗಣಿಗೆ ಈ ವಿದ್ಯೆ ಸಾಲದಾಯಿತು. ಅಲ್ಲಿ ಕಲ್ಲು ಚಂದವಾಗಿ ಸೀಳುವುದು ಮುಖ್ಯವಲ್ಲ, ನೆಲದೊಳಗೆ ದಾರಿ ಮಾಡಿಕೊಂಡು ಬೇಗ ಇಳಿಯುವುದು ಮುಖ್ಯ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆ ಕಾಲಿಟ್ಟ ಮೇಲೆ ಕೆಜಿಎಫ್‌ನಲ್ಲಿ ಕೆಲಸ ಬಿರುಸಾಯಿತು. ಕೈಯಿಂದ ಕೊರೆಯುವಾಗ ಒಬ್ಬ ಉಕ್ಕಿನ ಸರಳನ್ನು ಹಿಡಿದು ಪ್ರತಿ ಏಟಿಗೂ ತುಸು ತಿರುಗಿಸುತ್ತಾನೆ, ಇನ್ನೊಬ್ಬ ಸಮ್ಮಟಿಗೆ ಬೀಸುತ್ತಾನೆ. ಆಗಾಗ ಕುಳಿಗೆ ನೀರು ಹುಯ್ದು, ಕೆಸರಾದ ಪುಡಿಯನ್ನು ಉದ್ದ ಹಿಡಿಯ ಸೌಟಿನಿಂದ ತೆಗೆಯುತ್ತಾರೆ. ಮೊಂಡಾದ ಸರಳುಗಳೆಲ್ಲ ಕುಲುಮೆಗೆ ಹೋಗಿ, ಕಾದು, ಬಡಿಸಿಕೊಂಡು, ಹದ ಹಿಡಿದು ಮರಳಬೇಕು.

ಈ ಕೆಲಸವನ್ನು ಯಂತ್ರಕ್ಕೆ ವಹಿಸಿದ್ದು ಒತ್ತಿದ ಗಾಳಿ. ಆಲ್ಪ್ಸ್ ಪರ್ವತದ ಮಾಂಟ್ ಸೆನಿಸ್ ಸುರಂಗದಲ್ಲಿ 1861ರಲ್ಲಿ ಗಾಳಿಯಿಂದ ನಡೆಯುವ ಡ್ರಿಲ್ಲುಗಳು ಕೆಲಸಕ್ಕೆ ಬಂದವು. ನೆಲದಡಿಯ ಕೆಲಸಕ್ಕೆ ಗಾಳಿ ಹೇಳಿ ಮಾಡಿಸಿದ ಶಕ್ತಿ. ಅದರಿಂದ ಹೊಗೆಯಿಲ್ಲ, ಕಿಡಿಯಿಲ್ಲ, ಯಂತ್ರದಿಂದ ಹೊರಬಿದ್ದ ಮೇಲೂ ಅದು ಉಸಿರಾಟಕ್ಕೆ ಒದಗುತ್ತದೆ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೆಜಿಎಫ್‌ಗೆ ಬಂದದ್ದರಿಂದ ಗಣಿಯ ಯಂತ್ರಗಳಿಗೆ ಹೊಸ ಬಲ ಸಿಕ್ಕಿತು. ಅಲ್ಲಿನ ಚಾಂಪಿಯನ್ ರೀಫ್ ಗಣಿ ಕೊನೆಗೆ 3 ಕಿಲೋಮೀಟರಿಗೂ ಆಳಕ್ಕೆ ಇಳಿಯಿತು. ಆ ಆಳದಲ್ಲಿ ಬಂಡೆಯೇ ಕೈ ಸುಡುವಷ್ಟು ಬಿಸಿ. ಮೇಲಿನ ಭಾರಕ್ಕೆ ಒಮ್ಮೆಲೇ ಸಿಡಿಯುವ ಬಂಡೆಯನ್ನು ತಡೆಯಲು ಅದಿರು ತೆಗೆದ ಖಾಲಿ ಜಾಗಗಳಲ್ಲಿ ಗ್ರಾನೈಟ್ ಗೋಡೆಗಳನ್ನು ಕಟ್ಟುತ್ತಿದ್ದರು. ಬಂಡೆಯ ಸಿಡಿತ ಇಲ್ಲಿ ಎಷ್ಟು ಕಾಡಿತೆಂದರೆ, ಅದರ ಅಧ್ಯಯನದ ಅನುಭವವಿದ್ದ ಈ ಊರಿನಲ್ಲೇ 1988ರಲ್ಲಿ ರಾಷ್ಟ್ರೀಯ ಶಿಲಾ ಯಂತ್ರವಿಜ್ಞಾನ ಸಂಸ್ಥೆ ಹುಟ್ಟಿತು. ಗಣಿ ಮುಚ್ಚಿದ್ದು 2001ರಲ್ಲಿ.

ಸುರಂಗದ ಮುಖಕ್ಕೆ ಕುಳಿಗಳನ್ನು ಮನಬಂದಂತೆ ಹೊಡೆಯುವುದಿಲ್ಲ. ಸಿಡಿದ ಕಲ್ಲು ಸರಿಯಲು ಖಾಲಿ ಜಾಗ ಬೇಕು. ಇಲ್ಲದಿದ್ದರೆ ಮದ್ದಿನ ಬಲ ವ್ಯರ್ಥ. ಆದ್ದರಿಂದ ನಡುವೆ ಒತ್ತೊತ್ತಾಗಿ ಕೆಲವು ಕುಳಿ ಕೊರೆದು, ಅವುಗಳಲ್ಲಿ ಒಂದೆರಡಕ್ಕೆ ಮದ್ದು ತುಂಬದೆ ಬಿಡುತ್ತಾರೆ. ಮೊದಲು ನಡುಭಾಗ ಸಿಡಿದು ಪೊಳ್ಳಾಗುತ್ತದೆ, ಸುತ್ತಲಿನ ಕುಳಿಗಳು ಕ್ಷಣಾಂತರದಲ್ಲಿ ಒಂದರ ಹಿಂದೊಂದು ಆ ಪೊಳ್ಳಿನ ಕಡೆಗೆ ಸಿಡಿಯುತ್ತವೆ. ಹಿಂದಿನ ಪಾಳಿಯಲ್ಲಿ ಸಿಡಿದು ಉಳಿದ ಕುಳಿಯ ಬುಡದಲ್ಲಿ ಮತ್ತೆ ಕೊರೆಯುವುದನ್ನು ಗಣಿ ನಿಯಮ ಖಡಾಖಂಡಿತವಾಗಿ ನಿಷೇಧಿಸಿದೆ. ಅಲ್ಲಿ ಸಿಡಿಯದೆ ಉಳಿದ ಮದ್ದು ಇರಬಹುದು.

ಯಂತ್ರ ಬಂದಾಗ ಏಟುಗಳ ಸಂಖ್ಯೆ ನಿಮಿಷಕ್ಕೆ ನೂರಾರಕ್ಕೆ ಏರಿತು, ಧೂಳೂ ಹೆಚ್ಚಿತು. ಅಮೆರಿಕದ ಜಾರ್ಜ್ ಲೇನರ್ 1897ರಲ್ಲಿ ಟೊಳ್ಳು ಸರಳಿನ ಮೂಲಕ ಗಾಳಿ ಊದಿ ಪುಡಿ ಹೊರದಬ್ಬುವ ಡ್ರಿಲ್ ಮಾಡಿದ. ಅದು ವೇಗವಾಗಿ ಕೊರೆಯಿತು. ಆದರೆ ಅದು ಎಬ್ಬಿಸಿದ ಧೂಳಿಗೆ ಗಣಿಗಾರರು ಅದನ್ನು ಮುಟ್ಟಲೊಲ್ಲೆವು ಎಂದರು. ಅವನು ಅದನ್ನು ಹಿಂದಕ್ಕೆ ಪಡೆದು ಗಾಳಿಯ ಜೊತೆ ನೀರನ್ನೂ ಹಾಯಿಸಿದ. ಸರಳಿನ ತುದಿಯಲ್ಲೇ ಪುಡಿ ಕೆಸರಾಗಿ ಹರಿದುಬಂತು. ಪರಿಹಾರ ಇಷ್ಟು ಸರಳವಾಗಿತ್ತು. ಎಲ್ಲ ಗಣಿಗಳಿಗೂ ಅದು ತಲುಪಲು ದಶಕಗಳು ಬೇಕಾದವು ಎಂಬುದು ನೋವಿನ ಸಂಗತಿ. ಬಿಳಿಗಲ್ಲಿನ ಅತಿ ನುಣುಪು ಧೂಳು ಶ್ವಾಸಕೋಶದ ತಳಕ್ಕೆ ಇಳಿದು ಅಲ್ಲಿ ಗಾಯದ ಗಂಟುಗಳನ್ನು ಕಟ್ಟುತ್ತದೆ. ಅದೇ ಸಿಲಿಕೋಸಿಸ್. ಧೂಳಿನ ಕೆಲಸ ಬಿಟ್ಟ ಮೇಲೂ ರೋಗ ಬೆಳೆಯುತ್ತದೆ, ವಾಸಿಯಾಗುವುದಿಲ್ಲ, ಕ್ಷಯಕ್ಕೂ ದಾರಿ ಮಾಡಿಕೊಡುತ್ತದೆ. ಭಾರತದಲ್ಲಿ ಈ ರೋಗವನ್ನು ಮೊದಮೊದಲು ಗುರುತಿಸಿದ್ದು ಕೆಜಿಎಫ್ ಕಾರ್ಮಿಕರಲ್ಲೇ, 1930ರ ದಶಕದಲ್ಲಿ. 1940ರಲ್ಲಿ ಮೈಸೂರು ಸಂಸ್ಥಾನ ಸಿಲಿಕೋಸಿಸ್ ನಿಯಮಗಳನ್ನು ತಂದಿತು.

ಇಂದು ಈ ಸೀಮೆಯ ಸಣ್ಣ ಕ್ವಾರಿಗಳಲ್ಲಿ ಕಾಣುವುದು ಜಾಕ್ ಹ್ಯಾಮರ್. ತೂಕ 25 ಕಿಲೋ ಆಸುಪಾಸು. ಕಂಪ್ರೆಸರ್‌ನಿಂದ ಹೋಸ್ ಪೈಪಿನಲ್ಲಿ ಬರುವ ಗಾಳಿ ಒಳಗಿನ ಪಿಸ್ಟನ್ನನ್ನು ನಿಮಿಷಕ್ಕೆ ಸುಮಾರು ಎರಡು ಸಾವಿರ ಸಲ ಸರಳಿನ ತಲೆಗೆ ಬಡಿಯುತ್ತದೆ, ತಿರುವೂ ಅದರಲ್ಲೇ ಸೇರಿದೆ. ಸರಳಿನ ತುದಿಗೆ ಟಂಗ್‌ಸ್ಟನ್ ಕಾರ್ಬೈಡ್ ಬೆಸೆದಿರುವುದರಿಂದ ಕುಲುಮೆಯ ಕೆಲಸ ಹೋಯಿತು, ಬಿಟ್ ಮೊಂಡಾದರೆ ಸಾಣೆ ಹಿಡಿದರೆ ಸಾಕು. ಜಲ್ಲಿಗಾಗಿ ಒಡೆಯುವ ದೊಡ್ಡ ಕ್ವಾರಿಗಳಲ್ಲಿ ಸರಪಳಿ ಚಕ್ರದ ಮೇಲೆ ನಡೆಯುವ ಡ್ರಿಲ್ಲುಗಳಿವೆ. ಅಳತೆಗಲ್ಲಿನ ಕ್ವಾರಿಗಳಲ್ಲಿ ಮದ್ದಿನ ಜಾಗಕ್ಕೆ ವಜ್ರದ ಮಣಿ ಪೋಣಿಸಿದ ಉಕ್ಕಿನ ಹಗ್ಗ ಬಂದಿದೆ. ಬಂಡೆಯೊಳಗೆ ಒಂದಕ್ಕೊಂದು ಕೂಡುವಂತೆ ಎರಡು ಕುಳಿ ಕೊರೆದು, ಹಗ್ಗವನ್ನು ತೂರಿಸಿ, ತುದಿಗಳನ್ನು ಜೋಡಿಸಿ, ನೀರು ಬಿಡುತ್ತ ಓಡಿಸಿದರೆ ಅದು ಕಲ್ಲನ್ನು ನೇರವಾಗಿ ಕೊಯ್ಯುತ್ತದೆ.

ಕುಳಿ ಆಳವಾದಷ್ಟೂ ಮೇಲಿನಿಂದ ಕೊಟ್ಟ ಏಟು ರಾಡುಗಳ ಕೀಲುಗಳಲ್ಲೇ ಸೋರಿಹೋಗುತ್ತದೆ. ಅದಕ್ಕೆ ಉತ್ತರವಾಗಿ 1950ರ ದಶಕದಲ್ಲಿ ಬಂದದ್ದು ಕುಳಿಯೊಳಗೇ ಇಳಿಯುವ ಹ್ಯಾಮರ್. ಪಿಸ್ಟನ್ ಬಿಟ್ಟಿನ ಬೆನ್ನಿಗೇ ಕೂತು ಬಡಿಯುತ್ತದೆ. ರಾಡುಗಳು ಗಾಳಿ ಕೊಂಡೊಯ್ಯುತ್ತವೆ, ತಿರುಗಿಸುತ್ತವೆ, ಅಷ್ಟೆ. 1966–67ರ ಬರದ ನಂತರ ಯುನಿಸೆಫ್ ಇಂಥ ರಿಗ್ಗುಗಳನ್ನು ಭಾರತದ ಗಟ್ಟಿಬಂಡೆಯ ನಾಡುಗಳಿಗೆ ತಂದಿತು. ಕೋಲಾರ ಜಿಲ್ಲೆಯ ನೀರಿನ ಚರಿತ್ರೆಯನ್ನು ಬದಲಿಸಿದ ಯಂತ್ರ ಇದೇ. ಮೇಲಿನ ಮೆತ್ತನೆಯ ಪದರಕ್ಕೆ ಕೇಸಿಂಗ್ ಪೈಪು ಇಳಿಸಿ, ಗಟ್ಟಿ ಬಂಡೆ ಸಿಕ್ಕ ಮೇಲೆ ರಾಡಿಗೆ ರಾಡು ಜೋಡಿಸುತ್ತ ಹೋಗುತ್ತಾರೆ. ಮೇಲೆ ಬರುವ ಪುಡಿಯ ಬಣ್ಣ, ಅದರ ತೇವ ನೋಡಿ ಕೆಳಗಿನ ಬಿರುಕನ್ನು ಊಹಿಸುತ್ತಾರೆ. ಗ್ರಾನೈಟಿನಲ್ಲಿ ನೀರು ಇರುವುದು ಬಿರುಕಿನಲ್ಲಿ ಮಾತ್ರ. ಆಳಕ್ಕೆ ಹೋದಂತೆ ಬಿರುಕುಗಳು ವಿರಳವಾಗುತ್ತವೆ, ಅಂದರೆ ಸಾವಿರ ಅಡಿ ದಾಟಿದ ಮೇಲೆ ಯಂತ್ರದ ಬಲ ಹೆಚ್ಚಿದರೂ ನೀರು ಸಿಗುವ ಭರವಸೆ ಹೆಚ್ಚುವುದಿಲ್ಲ.

ರಿಗ್ಗಿನ ಗಾಳಿ ಎಬ್ಬಿಸುವ ಬಿಳಿ ಮೋಡ ಮತ್ತು ಜಾಕ್ ಹ್ಯಾಮರಿನ ಬುಡದಿಂದ ಏಳುವ ಪುಡಿ, ಎರಡರಲ್ಲೂ ಇರುವುದು ಅದೇ ಬಿಳಿಗಲ್ಲಿನ ಸಿಲಿಕಾ. ಲೋಹ ಗಣಿಗಳ 1961ರ ನಿಯಮಾವಳಿ ನೀರು ಹಾಯಿಸಿ ಕೊರೆಯುವಂತೆ, ಇಲ್ಲವೇ ಧೂಳನ್ನು ಅಷ್ಟೇ ಪರಿಣಾಮಕಾರಿಯಾಗಿ ತಡೆಯುವಂತೆ ಹೇಳುತ್ತದೆ. ದೊಡ್ಡ ಡ್ರಿಲ್ಲುಗಳಿಗೆ ಧೂಳು ಹೀರುವ ಚೀಲಗಳು ಬಂದಿವೆ, ರಿಗ್ಗುಗಳಲ್ಲಿ ಗಾಳಿಯ ಜೊತೆ ನೀರನ್ನೂ ನೊರೆಯನ್ನೂ ಬಿಡಬಹುದು. ಮೂಗಿಗೆ ಕಟ್ಟಿದ ಟವಲು ಈ ಧೂಳನ್ನು ತಡೆಯಲಾರದು: ಶ್ವಾಸಕೋಶದ ತಳ ಮುಟ್ಟುವ ಕಣ ಒಂದು ಮಿಲಿಮೀಟರಿನ ನೂರನೆಯ ಒಂದು ಭಾಗಕ್ಕಿಂತ ಚಿಕ್ಕದು, ಬಟ್ಟೆಯ ಎಳೆಗಳ ಸಂದು ಅದಕ್ಕಿಂತ ಎಷ್ಟೋ ದೊಡ್ಡದು.